ಓಣಿಯೆಲ್ಲ ಕೈಮುಗಿದ ನನ್ನ ತೂಕಡಿಕೆ

ನಮ್ಮ ಓಣಿಯವರು ಒಂದು ಕಾಲದಲ್ಲಿ ನನ್ನನ್ನು ದೊಡ್ಡ ಶಿವಭಕ್ತೆ ಅಂದುಕೊಂಡಿದ್ದರು. ಬೆಳಿಗ್ಗೆ ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆ ನಾನು ಅಲ್ಲಾಡುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿರುತ್ತಿತ್ತು, ಉಸಿರು ಸಣ್ಣಗೆ ಆಡುತ್ತಿತ್ತು, ತಲೆ ನಿಧಾನಕ್ಕೆ ಎದೆಯ ಕಡೆ ಬಾಗುತ್ತಿತ್ತು. ಅಜ್ಜಿ ಬಾಗಿಲಿಗೆ ಬಂದವರನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಕ ಮಾತಾಡ್ರಿ, ಗಿರ್ಜವ್ವ ಪೂಜೆಗೆ ಕುಂತಾಳೆ" ಅನ್ನುತ್ತಿದ್ದಳು. ಬಂದವರು ಹೊಸ್ತಿಲಾಚೆಯಿಂದಲೇ ಕೈಮುಗಿಯುತ್ತಿದ್ದರು. ಅಯ್ಯೋ ಶಿವನೇ! ನಾನು ನೋವಿನ ಗುಳಿಗೆ ನುಂಗಿ ತೂಕಡಿಸುತ್ತಿದ್ದೆ.

ಈಗ ಇದನ್ನು ನೆನೆದು ನಗುತ್ತೇನೆ. ಅಜ್ಜಿಯ ಜೊತೆ ಕೂತು ನಗುವಷ್ಟಾಗಲು ಬಹಳ ಕಾಲ ಹಿಡಿಯಿತು. ಬರೆಯಲು ಕೂತದ್ದಕ್ಕೆ ಬೇರೆ ಕಾರಣವಿದೆ. ಈ ಹೊತ್ತಿನಲ್ಲಿ ಯಾವುದೋ ಮನೆಯ ಬಚ್ಚಲಲ್ಲಿ ಯಾವಳೋ ಹುಡುಗಿ ನಲ್ಲಿ ಜೋರಾಗಿ ಬಿಟ್ಟು, ಗುಳಿಗೆಯ ಶೀಟು ಒಡೆಯುವ ಸದ್ದು ಹೊರಗೆ ಕೇಳದಂತೆ ನೋಡಿಕೊಳ್ಳುತ್ತಿರಬಹುದು. ಅವಳಿಗೆ ಹೇಳಬೇಕಾಗಿದೆ: ತಂಗೀ, ನಾನೂ ಹಾಗೇ ನಲ್ಲಿ ಬಿಟ್ಟವಳು.

ನಮ್ಮ ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿದೆ. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಅಪ್ಪ, ಅವ್ವ, ಅಪ್ಪನ ತಾಯಿಯಾದ ನಮ್ಮಜ್ಜಿ, ನಾನು, ಇಷ್ಟೇ ಜನ. ಮನೆಯಲ್ಲಿ ಒಂದು ಕಟ್ಟು ಇದೆ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಯಾರೂ ತುತ್ತು ಎತ್ತುವ ಹಾಗಿಲ್ಲ. ಜ್ವರ ಬಂದರೂ ಅಷ್ಟೇ, ಪರೀಕ್ಷೆ ಇದ್ದರೂ ಅಷ್ಟೇ. ಚಿಕ್ಕವಳಿದ್ದಾಗ ನಾನು ಅವಸರದಲ್ಲಿ ಎರಡು ಹನಿ ನೀರು ಹಾಕಿ ಎದ್ದರೆ ಅಜ್ಜಿ, "ಶಿವ ಏನು ಬಸ್ ಸ್ಟ್ಯಾಂಡಿನಾಗ ನಿಂತಾನೇನೆ? ಕುಂದ್ರು" ಅಂತ ಗದರುತ್ತಿದ್ದಳು. ಲಿಂಗ ಕೈಯಿಂದ ಕೆಳಗೆ ಬೀಳಬಾರದು ಅನ್ನುವುದನ್ನಂತೂ ನಮಗೆ ಬುದ್ಧಿ ಬರುವ ಮೊದಲೇ ಕಲಿಸಿಬಿಟ್ಟಿರುತ್ತಾರೆ. ಬಿದ್ದರೆ ಜೀವಕ್ಕೇ ಕೇಡು ಅನ್ನುವುದು ಹಳಬರ ಅಂಜಿಕೆ.

ಬಿ.ಕಾಂ. ಮುಗಿಸಿದ ಮೇಲೆ ಗುತ್ತೂರಿನ ಹತ್ತಿರ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ದಿನಾ ಸ್ಕೂಟಿಯಲ್ಲಿ ಹೋಗಿ ಬರುತ್ತಿದ್ದೆ. ಒಂದು ಸಂಜೆ ಲಾರಿಗೆ ದಾರಿ ಬಿಡಲು ಹೋಗಿ ರಸ್ತೆಯಂಚಿನ ಜಲ್ಲಿಯಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಮೂಳೆ ಮುರಿದಿರಲಿಲ್ಲ. ಡಾಕ್ಟರು ಸ್ವಲ್ಪ ದಿನದ ಮಟ್ಟಿಗೆ ಅಂತ ಒಂದು ಗುಳಿಗೆ ಬರೆದುಕೊಟ್ಟರು. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಾಳೆ ಯಾರಾದರೂ ಕೇಳಿಕೊಂಡು ಹೋದಾರು.

ಗುಳಿಗೆ ನುಂಗಿದ ಮೇಲೆ ಸೊಂಟದ ನೋವು ಹೋಯಿತು. ಅಷ್ಟೇ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೆ ಮೊದಲಿನಿಂದಲೂ ಒಳಗೊಳಗೇ ಅಂಜಿಕೆ ಜಾಸ್ತಿ. ಆಫೀಸಿನಲ್ಲಿ ಬಿಲ್ಲು ತಪ್ಪಾಯಿತಾ, ಅವರು ನಕ್ಕಿದ್ದು ನನ್ನನ್ನು ನೋಡಿಯಾ, ಅವ್ವ ಯಾಕೆ ಸುಮ್ಮನಿದ್ದಾಳೆ, ಹೀಗೆ ದಿನವಿಡೀ ತಲೆ ಗಿರಣಿ ಥರ ತಿರುಗುತ್ತಿತ್ತು. ಗುಳಿಗೆ ಆ ಗಿರಣಿಯನ್ನೂ ನಿಲ್ಲಿಸಿತು. ಹುಟ್ಟಿದಾಗಿನಿಂದ ಅಂಥ ನೆಮ್ಮದಿ ನಾನು ಕಂಡಿರಲಿಲ್ಲ. ನೋವು ವಾಸಿಯಾದರೂ "ಇನ್ನೂ ನೋಯ್ತೈತೆ" ಅನ್ನುತ್ತಲೇ ಹೋದೆ.

ಬರುವ ದಾರಿಯಲ್ಲಿ ಒಂದು ಮೆಡಿಕಲ್ ಶಾಪು. ಅದರ ಯಜಮಾನರಿಗೆ ಅಪ್ಪನ ಪರಿಚಯ. ಚೀಟಿ ಕೇಳುವುದನ್ನು ಅವರು ಬೇಗ ಬಿಟ್ಟರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ತಲೆ ತಗ್ಗಿಸಿ ಮಾತಾಡುವ ಹುಡುಗಿ. ಯಾರು ಅನುಮಾನಪಡುತ್ತಾರೆ ಹೇಳಿ? ಒಂದಿದ್ದದ್ದು ಎರಡಾಯಿತು, ಎರಡು ಎಷ್ಟಾಯಿತು ಅನ್ನುವುದು ಬೇಡ.

ಬೆಳಿಗ್ಗೆ ಬಚ್ಚಲಿಂದ ಬರುವಾಗಲೇ ನುಂಗಿ ಬರುತ್ತಿದ್ದೆ. ಪೂಜೆಗೆ ಕೂತ ಸ್ವಲ್ಪ ಹೊತ್ತಿಗೆ ಅದು ತಲೆಗೇರುತ್ತಿತ್ತು. ಪಕ್ಕದ ಮನೆಯವರು ತಮ್ಮ ಹೊಸ ಸೊಸೆಯನ್ನು ಕರೆತಂದು ನನ್ನ ಎದುರು ಕೂರಿಸಿ, "ನೋಡು, ಹಿಂಗ ಕುಂದ್ರಬೇಕು" ಅಂದರು. ಆ ಹುಡುಗಿ ಪಾಪ, ನನ್ನನ್ನೇ ನೋಡಿ ಅಲ್ಲಾಡದೆ ಕೂರಲು ಒದ್ದಾಡುತ್ತಿದ್ದಳು. ಅವ್ವನಿಗೆ ಮಾತ್ರ ನಾನು ಅನ್ನ ಬಿಟ್ಟೇಳುವುದು ಕಣ್ಣಿಗೆ ಬಿದ್ದಿತ್ತು. "ಯಾಕ ಅತ್ತಿ, ಇಕಿ ಇಷ್ಟು ಇಳಿದಾಳೆ?" ಅಂತ ಅಜ್ಜಿಯನ್ನು ಕೇಳಿದಳು. "ಭಕ್ತಿ ಏರಿದಂಗ ಹಸಿವು ಇಳೀತೈತೆ. ನಿಂಗೇನು ಗೊತ್ತು?" ಅಂದಳು ಅಜ್ಜಿ.

ಈ ಖ್ಯಾತಿ ಲೋಕಿಕೆರೆಯವರೆಗೂ ಹೋಯಿತು. ಅಲ್ಲಿಯ ಒಂದು ಜಮೀನುದಾರ ಮನೆಯವರು ಲಿಂಗನಿಷ್ಠೆ ಇರುವ ಹುಡುಗಿಯೇ ಬೇಕು ಅಂತ ಹುಡುಕುತ್ತಿದ್ದರಂತೆ. ಒಂದು ಭಾನುವಾರ ಬಂದೇಬಿಟ್ಟರು. ಅದೇ ವಾರ ಆ ಮೆಡಿಕಲ್ ಶಾಪಿಗೆ ಬೀಗ ಬಿದ್ದಿತ್ತು. ಯಜಮಾನರು ಊರಲ್ಲಿರಲಿಲ್ಲ. ಬೇರೆ ಅಂಗಡಿಗಳಲ್ಲಿ ಚೀಟಿ ಕೇಳಿದರು. ಶುಕ್ರವಾರ ಉಳಿದದ್ದನ್ನು ಅರ್ಧರ್ಧ ಮಾಡಿ ನುಂಗಿದೆ. ಶನಿವಾರ ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಮೂಗು ಸೋರುತ್ತಿತ್ತು, ಆಕಳಿಕೆ ಮೇಲೆ ಆಕಳಿಕೆ, ಮೈಯೆಲ್ಲ ಬೆವರು, ಕಾಲಿನ ಮೂಳೆಯೊಳಗೆ ಯಾರೋ ಕೂತು ಒದೆಯುತ್ತಿದ್ದ ಹಾಗೆ. ಊಟಕ್ಕೆ ಮುಂಚೆ ಎಲ್ಲರೂ ಪೂಜೆಗೆ ಕೂತರು. ಗಂಡಿನ ಅಜ್ಜಿ ನನ್ನ ಎದುರಿಗೇ ಮಣೆ ಹಾಕಿಸಿಕೊಂಡರು. ನನ್ನಜ್ಜಿಯ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ನಾನು ಲಿಂಗವನ್ನು ಅಂಗೈಯಲ್ಲಿಟ್ಟೆ. ಕೈ ನಡುಗಿತು. ಬಲಗೈಯಿಂದ ಎಡಗೈ ಹಿಡಿದೆ. ಎರಡೂ ನಡುಗಿದವು. ಬಿಲ್ವಪತ್ರೆ ಬಿತ್ತು. ಅದರ ಹಿಂದೆಯೇ ಲಿಂಗ ಜಾರಿ ಮಡಿಲಿಗೆ ಬಡಿದು, ನೆಲಕ್ಕುರುಳಿ, ಗಂಡಿನ ಅಜ್ಜಿಯ ಮಣೆಯ ಕಾಲಿಗೆ ತಾಗಿ ನಿಂತಿತು.

"ಶಿವಶಿವಾ!" ಅಂತ ಅವರು ಎದ್ದು ನಿಂತರು. ಊಟ ಮಾಡಿ ಹೋದರೋ ಹಾಗೇ ಹೋದರೋ ನನಗೆ ನೆನಪಿಲ್ಲ. ನನ್ನಜ್ಜಿ ಗೋಡೆ ಹಿಡಿದು ಕೂತದ್ದು ಮಾತ್ರ ನೆನಪಿದೆ.

ನನಗೆ ಏನೋ ಕಾಯಿಲೆ ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಲಿಂಗ ಬಿದ್ದಿದೆ, ಏನೋ ಅಪಚಾರವಾಗಿದೆ, ಅದಕ್ಕೇ ಹುಡುಗಿ ಬೆವರುತ್ತಿದ್ದಾಳೆ. ಕಾರಣ ಮತ್ತು ಫಲ ತಿರುವುಮುರುವಾಗಿತ್ತು. ಅಪ್ಪ ಆಸ್ಪತ್ರೆಗೆ ಫೋನ್ ಮಾಡದೆ ಹರಿಹರದಲ್ಲಿರುವ ನಮ್ಮ ಮನೆತನದ ಅಯ್ಯನವರಿಗೆ ಮಾಡಿದರು. ನನ್ನನ್ನು, ಅವ್ವ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು, ಪ್ರಾಯಶ್ಚಿತ್ತ ಕೇಳಲು ಹೊರಟರು. ದಾರಿಯುದ್ದಕ್ಕೂ ನಾನು ಕಾಲು ಝಾಡಿಸುತ್ತಿದ್ದೆ. ಅವ್ವ ಕಾರಣ ಕೇಳದೆ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು.

ಅಯ್ಯನವರದು ಹೊಳೆಯ ಕಡೆಯ ಓಣಿಯಲ್ಲಿ ಸಣ್ಣ ಮನೆ. ನನಗೆ ಲಿಂಗದೀಕ್ಷೆ ಕೊಟ್ಟವರು ಅವರೇ. ಅಪ್ಪ ಹೇಳಿದ್ದನ್ನೆಲ್ಲ ಕೇಳಿ, ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ನೀವೆಲ್ಲ ಒಂದೀಟು ಹೊರಗ ಕೂಡ್ರಿ" ಅಂದರು.

ನಾವಿಬ್ಬರೇ ಉಳಿದಾಗ ಅಂದರು: "ನನ್ನ ತಮ್ಮ ಕುಡೀತಿದ್ದ. ಸಿಗದಿದ್ದ ದಿನ ಅವನ ಕೈ ಹಿಂಗೇ ಆಡ್ತಿತ್ತು. ಅವನನ್ನ ಉಳಿಸಿಕೊಳ್ಳಾಕ ನಮ್ಮಿಂದ ಆಗಲಿಲ್ಲ. ನೀ ಏನು ತಗಂತೀ ತಾಯಿ?"

ಅವರು 'ತಾಯಿ' ಅಂದುಬಿಟ್ಟರು. ಬೈದಿದ್ದರೆ ಸುಳ್ಳು ಹೇಳುತ್ತಿದ್ದೆ. ನನ್ನಲ್ಲಿ ಸುಳ್ಳಿಗೆ ಬರವಿರಲಿಲ್ಲ. "ಗುಳಿಗೆ" ಅಂದೆ. ಹೆಸರು ಹೇಳಿದೆ, ಎಷ್ಟು ಅಂತ ಹೇಳಿದೆ. ಒಮ್ಮೆ ಬಾಯಿಬಿಟ್ಟ ಮೇಲೆ ಎಲ್ಲಾ ಬಂತು, ಬಚ್ಚಲ ನಲ್ಲಿಯವರೆಗೆ. ನಡುನಡುವೆ ಮೂಗು ಒರೆಸಿಕೊಳ್ಳಲು ಅವರು ತಮ್ಮ ಹೆಗಲ ಮೇಲಿನ ವಸ್ತ್ರವನ್ನೇ ಕೊಟ್ಟರು.

"ಮನೆಯವರಿಗೆ ನಾ ಹೇಳ್ಲೋ, ನೀ ಹೇಳ್ತೀಯೋ?"

"ನೀವೇ ಹೇಳ್ರಿ."

ಒಳಗೆ ಕರೆದು ಹೇಳಿದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ, "ಪ್ರಾಯಶ್ಚಿತ್ತ ಏನು ಮಾಡಬೇಕ್ರಿ ಬುದ್ಧಿ?" ಅಂತ ಮತ್ತೆ ಅದನ್ನೇ ಕೇಳಿದರು. ಪಾಪ, ಬೇರೆ ಏನು ಕೇಳಬೇಕು ಅಂತ ಅವರಿಗೆ ತೋಚಲಿಲ್ಲ. ಅಯ್ಯನವರಿಗೆ ಆಗ ಸಿಟ್ಟು ಬಂತು.

"ಲಿಂಗ ತೊಳೆದು ಮತ್ತೆ ಕಟ್ಟಿಕೊಬೌದು ಮಾರಾಯ. ಮಗಳು ಹೋದ್ರ ಎಲ್ಲಿಂದ ತರ್ತೀ? ಇದು ರೋಗ. ಇವತ್ತೇ ದವಾಖಾನಿಗೆ ಹೋಗು. ಅದೇ ಪ್ರಾಯಶ್ಚಿತ್ತ."

ಅಜ್ಜಿ ನನ್ನ ಕಡೆ ತಿರುಗಿ, "ಹಂಗಾದ್ರ, ಇಷ್ಟು ದಿನ ಪೂಜೆಗೆ ಕುಂತಿದ್ದು?" ಅಂದಳು.

"ನಿದ್ದಿ, ಅಜ್ಜಿ."

ಅವಳ ಮುಖ ನೋಡಲಾಗಲಿಲ್ಲ. ಗುಳಿಗೆ ಸಿಗದ ನೋವನ್ನು ಹೇಗೋ ಹೇಳಬಲ್ಲೆ, ಆ ಕ್ಷಣದ ನೋವನ್ನು ಹೇಳಲಾರೆ. ನನ್ನ ಜೀವ ಉಳಿಯುತ್ತದೋ ಇಲ್ಲವೋ ಅನ್ನುವುದಕ್ಕಿಂತ, ಅಜ್ಜಿ ಇನ್ನು ನನ್ನನ್ನು ನಂಬುತ್ತಾಳೋ ಇಲ್ಲವೋ ಅನ್ನುವುದೇ ನನಗೆ ದೊಡ್ಡದಾಯಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಅವತ್ತೇ ಸೇರಿಸಿಕೊಂಡರು. ಸ್ವಲ್ಪ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಮನೋರೋಗ ವಿಭಾಗಕ್ಕೆ ಆಗಾಗ ತೋರಿಸಲು ಹೋಗಬೇಕಿತ್ತು. ಅಲ್ಲಿಯ ಬೆಂಚುಗಳ ಬಗ್ಗೆ ನಾನು ಒಂದು ಪುಸ್ತಕವನ್ನೇ ಬರೆಯಬಲ್ಲೆ. ಅಲ್ಲಿ ಯಾರೂ ಯಾರ ಮುಖ ನೋಡುವುದಿಲ್ಲ. ಎಲ್ಲರೂ ಗೋಡೆಯ ಫ್ಯಾನು ನೋಡುತ್ತಾರೆ. ಮೊದಲ ಸಲ ಅಪ್ಪ ಟವೆಲನ್ನು ತಲೆಗೆ ಸುತ್ತಿ, ಅರ್ಧ ಮುಖ ಮುಚ್ಚಿಕೊಂಡು ಕೂತಿದ್ದರು. ಅಂಗಡಿಯ ಗಿರಾಕಿಗಳು ಯಾರಾದರೂ ಕಂಡರೆ ಅನ್ನುವ ಭಯ. ಎದುರಿನ ಬೆಂಚಿನಲ್ಲಿ ಇನ್ನೊಬ್ಬರು ಅದೇ ಥರ ಟವೆಲ್ ಸುತ್ತಿಕೊಂಡು ಕೂತಿದ್ದರು. ಬಹಳ ಹೊತ್ತಿನ ಮೇಲೆ ಆ ಟವೆಲಿನಿಂದ ಒಂದು ಕೆಮ್ಮು ಬಂತು. ಅಪ್ಪನಿಗೆ ಆ ಕೆಮ್ಮಿನ ಗುರುತು ಸಿಕ್ಕಿತು. ಪೇಟೆಯಲ್ಲಿ ನಮ್ಮ ಅಂಗಡಿಯ ಸಾಲಿನಲ್ಲೇ ಪಾತ್ರೆ ಅಂಗಡಿ ಇಟ್ಟವರು.

"ಏನ್ರೀ ಸಾವ್ಕಾರ್ರೆ, ನೀವಿಲ್ಲಿ?"

"ಮಗನ್ನ ಕರಕಂಡು ಬಂದೀನ್ರಿ. ನೀವು?"

"ಮಗಳನ್ನ."

ಇಬ್ಬರೂ ಟವೆಲ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅಪ್ಪ ಒಂದು ಸಲವೂ ಮುಖ ಮುಚ್ಚಿಕೊಳ್ಳಲಿಲ್ಲ. ಅವರಿಬ್ಬರೂ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬಂದರು. ಅಪ್ಪ ಹೊರಗಿನ ಚಹಾ ಮುಟ್ಟಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ನನ್ನ ಡಾಕ್ಟರು ಹೆಣ್ಣುಮಗಳು, ಮಾತು ಕಡಿಮೆ. ನನ್ನನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಅವರು ಅಪ್ಪ ಅವ್ವನಿಗೆ ಹೇಳಿದ್ದು ಇಷ್ಟೇ: "ಇವಳು ಕೆಟ್ಟವಳಲ್ಲ. ಇವಳಿಗೆ ಕಾಯಿಲೆ ಇದೆ. ವಾಸಿ ಮಾಡಬಹುದು. ನಮಗೆ ನೀವು ಬೇಕು." ಆ ಕಡೆಯ ಮೂರು ಶಬ್ದಕ್ಕೆ ನಾನು ಇಂದಿಗೂ ಋಣಿ. ಅದನ್ನು ಕೇಳಿದ ಮೇಲೆ ಅವ್ವ ವಾರ್ಡಿನಿಂದ ಕದಲಲಿಲ್ಲ. ನಾನು ವಾಂತಿ ಮಾಡಿದರೆ ಒರೆಸಿದಳು, ಬಾಯಿಗೆ ಬಂದಂತೆ ಬೈದರೆ ಬೈಸಿಕೊಂಡಳು. "ಒಂದೇ ಒಂದು ತಂದುಕೊಡು, ಸಾಯ್ತೀನಿ" ಅಂತ ಕೂಗಿದರೆ, "ಸಾಯಾಕ ಬಿಡಲ್ಲ ಬಿಡು" ಅಂತ ಕಾಲು ಒತ್ತಿದಳು. ಅಪ್ಪ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದರು. ನಾನು ವಾಸನೆಗೇ ಮುಖ ತಿರುಗಿಸಿದೆ. ಮರುದಿನ ಮತ್ತೆ ತಂದರು. ಅದರ ಮರುದಿನವೂ. ಕೊನೆಗೊಂದು ದಿನ ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡೆ. ಅಪ್ಪ ಕಿಟಕಿಯ ಕಡೆ ತಿರುಗಿ ನಿಂತರು. ಗಂಡಸರು ಅಳುವುದಕ್ಕೆ ಕಿಟಕಿ ಬೇಕು ನೋಡಿ.

ಅಜ್ಜಿ ಮಾತ್ರ ಆಸ್ಪತ್ರೆಗೆ ಬರಲಿಲ್ಲ.

ಮನೆಗೆ ಬಂದಾಗಲೂ ಮಾತಾಡಲಿಲ್ಲ. ತಟ್ಟೆ ನನ್ನ ಮುಂದೆ ಇಟ್ಟು ಹೋಗುತ್ತಿದ್ದಳು, ಅಷ್ಟೇ. ಅಯ್ಯನವರು ಲಿಂಗವನ್ನು ತೊಳೆದು, ಪೂಜೆ ಮಾಡಿ, ಹೊಸ ವಸ್ತ್ರದಲ್ಲಿ ಕಟ್ಟಿ ಕಳಿಸಿದ್ದರು. ನಾನು ಕೊರಳಲ್ಲಿ ಧರಿಸಿದೆ, ಆದರೆ ಬಿಚ್ಚಿ ಕೈಯಲ್ಲಿ ಹಿಡಿಯಲು ಧೈರ್ಯ ಬರಲಿಲ್ಲ. ಬೆರಳು ಇನ್ನೂ ನಡುಗುತ್ತಿದ್ದವು. ಮತ್ತೆ ಬಿದ್ದರೆ? ಪೂಜೆಯಿಲ್ಲದೆ ಉಣ್ಣುವ ಕಟ್ಟೂ ನಮ್ಮಲ್ಲಿಲ್ಲ. ಡಾಕ್ಟರು ಹೊತ್ತಿಗೆ ಸರಿಯಾಗಿ ಊಟ ಮಾಡಲೇಬೇಕು ಅಂದಿದ್ದಾರೆ. ಎರಡು ಬೆಳಗು ವಿಭೂತಿ ಹಚ್ಚಿಕೊಂಡು ಕಳ್ಳಿಯ ಹಾಗೆ ಉಂಡೆ. ಮೂರನೆಯ ಬೆಳಗು ತಟ್ಟೆಯ ಮುಂದೆ ಅಳುತ್ತಾ ಕೂತಿದ್ದೆ.

ಅಜ್ಜಿ ತನ್ನ ಮಣೆ ಎಳೆದುಕೊಂಡು ಬಂದು ನನ್ನ ಎದುರು ಕೂತಳು. "ಕೈ ಚಾಚು" ಅಂದಳು.

"ಬ್ಯಾಡ ಅಜ್ಜಿ. ನಡುಗ್ತೈತೆ."

"ನಂದೇನು ಕಲ್ಲಿನ ಕೈಯೇನು? ನಂದೂ ನಡುಗ್ತೈತೆ. ಚಾಚು."

ಚಾಚಿದೆ. ಅವಳು ತನ್ನ ಅಂಗೈಯನ್ನು ನನ್ನ ಅಂಗೈಯ ಕೆಳಗೆ ಇಟ್ಟಳು. ನನ್ನ ಲಿಂಗವನ್ನು ನನ್ನ ಕೈಯಲ್ಲೇ ಇಡಿಸಿದಳು. ಎರಡು ಕೈಗಳೂ ನಡುಗಿದವು, ಒಂದು ವಯಸ್ಸಿಗೆ, ಒಂದು ಗುಳಿಗೆಗೆ. ಲಿಂಗ ಅಲ್ಲಾಡಿತು, ಬೀಳಲಿಲ್ಲ. "ಕಣ್ಣು ತೆರಿ" ಅಂದಳು. "ಚಂದಾಗಿ ತೆರಿ. ಮುಚ್ಚಿಕಂಡು ಕುಂತಿದ್ದು ಸಾಕು." ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. "ನಾನೂ ಮುಚ್ಚಿಕಂಡೇ ಕುಂತಿದ್ದೆ ಕಣೇ. ಮಂದಿ ಕೈಮುಗೀತಾರಂತ ಹಿಗ್ಗಿ, ಹುಡುಗಿ ಒಣಗಿದ್ದು ಕಾಣಲಿಲ್ಲ ನಂಗೆ."

ಅವತ್ತು ನಾವು ಪೂಜೆ ಮಾಡಿದೆವೋ ಅತ್ತೆವೋ ಆ ಶಿವನಿಗೇ ಗೊತ್ತು. ಆದರೆ ಅವತ್ತಿನ ಅನ್ನದ ರುಚಿ ನಾಲಿಗೆಯ ಮೇಲಿದೆ.

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ನನ್ನ ಕೈ ನೆಟ್ಟಗಾಗುವವರೆಗೂ ಅವಳ ಕೈ ಕೆಳಗಿತ್ತು. ಗುಳಿಗೆ ಮತ್ತೆ ಶುರುವಾಗಿದೆಯೋ ಅಂತ ದಿನಾ ನನ್ನ ಕಣ್ಣಿನ ಪಾಪೆ ನೋಡುತ್ತಿದ್ದಳು, ಮುಚ್ಚುಮರೆ ಇಲ್ಲದೆ. ಚಿಕಿತ್ಸೆಯ ಗುಳಿಗೆಗಳ ಡಬ್ಬಿ ಅವಳ ಟ್ರಂಕಿನಲ್ಲಿತ್ತು. ಹೊತ್ತಿಗೆ ಸರಿಯಾಗಿ ತೆಗೆದು, ನುಂಗಿದ ಮೇಲೆ "ಆ ಅನ್ನು" ಅಂತ ಬಾಯಿ ತೆರೆಸುತ್ತಿದ್ದಳು. ಸಣ್ಣ ಮಗುವಿನ ಹಾಗೆ ಅಂತ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೂ ಬಾಯಿ ತೆರೆಯುತ್ತಿದ್ದೆ.

ಕೆಲಸಕ್ಕೆ ಮರಳಿದ ಮೇಲೆ ಒಂದು ಮಧ್ಯಾಹ್ನ ಏನೂ ಕಾರಣವಿಲ್ಲದೆ ಹರಿಹರದ ಪೇಟೆಯ ಒಂದು ಮೆಡಿಕಲ್ ಶಾಪಿನ ಮುಂದೆ ಸ್ಕೂಟಿ ನಿಲ್ಲಿಸಿದೆ. ಬಾಯಲ್ಲಿ ನೀರು ಬಂದಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಒಂದು ಸುಳ್ಳು ಹೇಳಿದರೆ ಸಾಕಿತ್ತು. ಆಗ ದೇವರು ಪ್ರತ್ಯಕ್ಷನಾಗಲಿಲ್ಲ. ನಾಳೆ ಬೆಳಿಗ್ಗೆ ಅಜ್ಜಿಯ ಎದುರು ಕಣ್ಣು ತೆರೆದು ಕೂರಬೇಕಲ್ಲ ಅನ್ನುವುದಷ್ಟೇ ನೆನಪಾಯಿತು. ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿ, "ಅವ್ವಾ, ಅಂಗಡಿ ಮುಂದೆ ನಿಂತೀನಿ" ಅಂದೆ. ಅವ್ವ, "ಸ್ಕೂಟಿ ಚಾಲೂ ಮಾಡು. ಫೋನ್ ಇಡಬ್ಯಾಡ, ಕಿಸೆದಾಗ ಇಟ್ಕ. ನಾ ಮಾತಾಡ್ತಾ ಇರ್ತೀನಿ" ಅಂದಳು. ಮನೆ ಮುಟ್ಟುವವರೆಗೂ ನನ್ನ ಕಿಸೆಯಿಂದ ಅವ್ವನ ದನಿ ಬರುತ್ತಿತ್ತು. ಏನು ಮಾತಾಡಿದಳೋ ಗಾಳಿಯಲ್ಲಿ ಒಂದೂ ಕೇಳಿಸಲಿಲ್ಲ. ಆಮೇಲೆ ಕೇಳಿದರೆ, "ಸೊಪ್ಪಿನ ರೇಟು, ಪಕ್ಕದ ಮನಿ ಸುದ್ದಿ, ಬಾಯಿಗೆ ಬಂದದ್ದೆಲ್ಲ" ಅಂದಳು.

ದೇವರ ಮೇಲೆ ಭಾರ ಹಾಕಿ ಚಿಕಿತ್ಸೆ ಬಿಡಿ ಅಂತ ನಾನು ಸಾಯುವವರೆಗೂ ಯಾರಿಗೂ ಹೇಳುವುದಿಲ್ಲ. ನನ್ನ ಕಾಯಿಲೆ ಅಡಗಿ ಕೂತದ್ದೇ ವಿಭೂತಿಯ ಹಿಂದೆ. ಆದರೆ ದಿನಾ ಬೆಳಗಾದರೆ ಒಬ್ಬರ ಮುಂದೆ ಒಬ್ಬರು ಕೂರಲೇಬೇಕು ಅನ್ನುವ ಕಟ್ಟು ನಮ್ಮ ಮನೆಯಲ್ಲಿ ಇಲ್ಲದೇ ಹೋಗಿದ್ದರೆ, ಡಾಕ್ಟರು ಕೊಟ್ಟ ಚಿಕಿತ್ಸೆ ನನ್ನ ಮೈಗೆ ಹತ್ತುತ್ತಿತ್ತೋ ಇಲ್ಲವೋ. ನನಗೆ ಎರಡೂ ಬೇಕಾದವು, ಎರಡೂ ಸಿಕ್ಕವು. ಎಲ್ಲರಿಗೂ ಸಿಗುವುದಿಲ್ಲ ಅನ್ನುವುದು ಗೊತ್ತು. ಆ ಪಾತ್ರೆ ಅಂಗಡಿಯವರ ಮಗ ಇನ್ನೂ ಆಸ್ಪತ್ರೆಗೆ ಹೋಗಿಬಂದು ಮಾಡುತ್ತಿದ್ದಾನೆ. ಅಪ್ಪ ಅವರ ಜೊತೆ ಈಗಲೂ ಬೆಂಚಿನಲ್ಲಿ ಕೂತು ಬರುತ್ತಾರೆ.

ಮೊನ್ನೆ ಮೊನ್ನೆ ನನ್ನ ಬುದ್ಧಿಹಲ್ಲು ಕೊಳೆತು ದವಡೆ ಊದಿಕೊಂಡಿತು. ಅಜ್ಜಿ ನಾನೂ ಬರ್ತೀನಿ ಅಂತ ಹೊರಟಳು. ಹಲ್ಲಿನ ಡಾಕ್ಟರ ಕಡೆ ಜನವೋ ಜನ. ಚೀಟಿ ಬರೆದುಕೊಳ್ಳುವ ಹುಡುಗಿ, "ಯಾವುದಾದ್ರೂ ಮಾತ್ರೆ ಆಗಿಬರಲ್ವಾ?" ಅಂತ ಕೇಳಿದಳು. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಹೇಳಲು ಹೋದೆ. ಅಷ್ಟರಲ್ಲಿ ಅಜ್ಜಿ, ಕಾಯುತ್ತಾ ಕೂತಿದ್ದವರಿಗೆಲ್ಲ ಕೇಳುವ ಹಾಗೆ ಅಂದಳು:

"ಬರಕವ್ವ. ಇಕಿಗೆ ನೋವಿನ ಗುಳಿಗಿ ಚಟ ಹತ್ತಿತ್ತು. ಬಿಡಿಸೀವಿ. ಅಂಥವು ಕೊಡಬ್ಯಾಡ್ರಿ ಅಂತ ಡಾಕ್ಟರಿಗೆ ಮೊದಲೇ ಹೇಳು."

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕಿವಿ ಕಾದ ಹೆಂಚಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಿ ಏನೂ ಆಗದವಳ ಹಾಗೆ ಬಂದು ಬೆಂಚಿನಲ್ಲಿ ಕೂತು, ನನ್ನ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಮೂಲೆಯಲ್ಲಿದ್ದ ಒಬ್ಬ ಹೆಂಗಸು ಎದ್ದು ಬಂದಳು. ನನ್ನ ಅವ್ವನ ವಯಸ್ಸು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು.

"ಎಲ್ಲಿ ತೋರಿಸಿದ್ರಿ ಅಮ್ಮಾರೆ? ನಮ್ಮ ಮನ್ಯಾಗೂ ಹಿಂಗೇ ಐತೆ. ನಮ್ಮ ಮಗಳು. ಯಾರ ಮುಂದೂ ಹೇಳಿಲ್ಲ."

ಅಜ್ಜಿ ಸರಿದು ಜಾಗ ಮಾಡಿದಳು. "ಕೂಡ್ರಿ. ನನ್ನನ್ನ ಕೇಳಬ್ಯಾಡ್ರಿ, ಇಕಿನ್ನ ಕೇಳ್ರಿ. ದಾಟಿ ಬಂದಾಕಿ ಇಕಿ."

ನಾನು ದವಡೆಗಿಟ್ಟುಕೊಂಡಿದ್ದ ಹತ್ತಿಯನ್ನು ತೆಗೆದೆ. ಬಾಯಿ ಸರಿಯಾಗಿ ತೆರೆಯಲು ಬರುತ್ತಿರಲಿಲ್ಲ. "ಮೊದಲು ಬೈಯಬ್ಯಾಡ್ರಿ" ಅಂತ ಶುರುಮಾಡಿದೆ. "ನೀವು ಬೈದ್ರ ಅವಳು ಸುಳ್ಳು ಹೇಳ್ತಾಳೆ. ನಾನೂ ಹೇಳಿದ್ದೆ." ಆ ತಾಯಿ ನನ್ನ ಊದಿದ ಮುಖವನ್ನೇ ನೋಡುತ್ತಾ, ನನ್ನ ಮೊಣಕೈ ಹಿಡಿದುಕೊಂಡು ಕೇಳುತ್ತಿದ್ದಳು.

ಒಳಗಿನಿಂದ ನನ್ನ ಹೆಸರು ಕೂಗಿದರು. ಮತ್ತೊಮ್ಮೆ ಕೂಗಿದರು. ನಾನು ಏಳಲು ಹೋದೆ. ಅಜ್ಜಿ ನನ್ನ ತೊಡೆಯ ಮೇಲೆ ಕೈಯಿಟ್ಟು ಕೂರಿಸಿದಳು.

"ಮುಂದಿನೋರನ್ನ ಕಳಿಸವ್ವ" ಅಂದಳು ಆ ಹುಡುಗಿಗೆ. "ನಮ್ಮ ಹುಡುಗಿ ಮಾತಾಡ್ತಾ ಅದಾಳೆ."